ನೂರು ಬೀಡಿಗೊಮ್ಮೆ ಏಳುವುದು

ಲಲಿತಕ್ಕ ಅನ್ನೋಣ. ಹೆಸರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ವಯಸ್ಸು 52, ಮನೆ ಮಂಗಳೂರಿನಿಂದ ಸ್ವಲ್ಪ ಹೊರಗೆ, ಕೆಲಸ ಬೀಡಿ ಕಟ್ಟುವುದು. ಶುಗರ್ ಶುರುವಾಗಿ 6 ವರ್ಷ. ಶುಗರ್ ಇದ್ದವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಡಾಕ್ಟರು ನನ್ನ ಹತ್ತಿರ ಕಳಿಸಿದಾಗ ಎಚ್‌ಬಿಎ1ಸಿ 9.6 ಇತ್ತು. ಹಿಂದಿನ ಎರಡು ಮೂರು ತಿಂಗಳ ಶುಗರನ್ನು ಒಟ್ಟಿಗೆ ತೋರಿಸುವ ಪರೀಕ್ಷೆ ಅದು. ಹೆಚ್ಚಿನವರಿಗೆ 7ರ ಒಳಗೆ ಇರಲಿ ಅನ್ನುತ್ತಾರೆ.

ಮೊದಲ ದಿನ ನಾನೇ ಎಡವಿದೆ. ಜೊತೆಗೆ ಬಂದ ಮಗ ಕೂತ ತಕ್ಷಣ ದೂರು ಶುರು ಮಾಡಿದ: "ಅಮ್ಮ ಹೇಳಿದ್ದು ಕೇಳುವುದೇ ಇಲ್ಲ ಮೇಡಂ, ನೀವಾದರೂ ಸ್ವಲ್ಪ ಹೇಳಿ." ನಾನೂ ಹೇಳಿದೆ. ಅನ್ನ ಕಡಿಮೆ ಮಾಡಿ, ವಾಕಿಂಗ್ ಹೋಗಿ, ಮಾತ್ರೆ ತಪ್ಪಿಸಬೇಡಿ. ಲಲಿತಕ್ಕ ಎಲ್ಲದಕ್ಕೂ ತಲೆಯಾಡಿಸಿ ಕೊನೆಗೆ "ನೋಡುವ ಮೇಡಂ" ಅಂದರು. ನಮ್ಮ ಕಡೆ "ನೋಡುವ" ಅಂದರೆ ಆಗುವುದಿಲ್ಲ ಅಂತ, ಗೊತ್ತಲ್ಲ. ಹೊರಡುವಾಗ ಶುಗರ್ ಬರೆದ ಪುಸ್ತಕ ತೋರಿಸಿದರು. 120, 130, 120, 125. ಇಡೀ ತಿಂಗಳದ್ದು ಒಂದೇ ನೀಲಿ ಪೆನ್ನಿನಲ್ಲಿ, ಬಸ್ಸಿನ ಕುಲುಕಾಟಕ್ಕೆ ಅಂಕಿ ಎಲ್ಲ ವಾರೆ. ನಾನು ಏನೂ ಕೇಳಲಿಲ್ಲ. ಆ ದಿನ ಸರಿಯಾಗಿ ಮಾಡಿದ್ದು ಅದೊಂದೇ.

ಎರಡನೇ ಸಲ ಮಗನನ್ನು ಹೊರಗೆ ಕೂರಿಸಿದೆ. "ನಿಮ್ಮ ಒಂದು ದಿನ ಹೇಗೆ ಹೋಗ್ತದೆ, ಹೇಳಿ ನೋಡುವ" ಅಂದೆ. ಬೆಳಿಗ್ಗೆ ಬರೀ ಚಾ. ಆಮೇಲೆ ಎಲೆ, ಹೊಗೆಸೊಪ್ಪು ಇಡುವ ಮೊರ, ಅಂದರೆ ತಡ್ಪೆ, ಮಡಿಲಲ್ಲಿಟ್ಟು ಕೂತರೆ ಮತ್ತೆ ಏಳುವುದು ಗಂಜಿಗೆ. ದಿನಕ್ಕೆ 600-700 ಬೀಡಿ. ಮಧ್ಯೆ ಐದು ಚಾ, ಒಂದಕ್ಕೆ ಎರಡು ಚಮಚ ಸಕ್ಕರೆ. ಅಷ್ಟು ಹೇಳಿ ತಾವೇ ನಿಲ್ಲಿಸಿದರು. "ಹತ್ತು ಚಮಚ ಆಯ್ತಲ್ಲ!" ನಾನು ಬಾಯಿ ಬಿಡಲಿಲ್ಲ. ನಾಲಿಗೆ ತುರಿಸುತ್ತಿತ್ತು, ಅದು ಬೇರೆ ವಿಷಯ.

ಶುಗರ್ ನೋಡುವುದು ಹೇಗೆ ಅಂತ ಕೇಳಿದಾಗ ಕೈ ಚಾಚಿದರು. ಹೆಬ್ಬೆರಳು, ತೋರುಬೆರಳಿನ ತುದಿ ಗಟ್ಟಿಯಾಗಿ, ಹೊಗೆಸೊಪ್ಪಿನ ಬಣ್ಣ ಕೂತಿತ್ತು. "ಇಲ್ಲಿ ಚುಚ್ಚಿದರೆ ಎಲೆ ಸುತ್ತಲಿಕ್ಕೆ ಆಗುವುದಿಲ್ಲ ಮೇಡಂ. ಆ ದಿನ ನೂರು ಬೀಡಿ ಕಮ್ಮಿ." ಸುಳ್ಳು ಪುಸ್ತಕದ ಗುಟ್ಟು ಇಷ್ಟೇ. ಎಲ್ಲರೂ ಅದನ್ನು ಸೋಮಾರಿತನ ಅಂದುಕೊಂಡಿದ್ದೆವು. "ಒಂದು ವಿಷಯ ಹೇಳಲಾ?" ಅಂತ ಕೇಳಿ, ಹೂಂ ಅಂದ ಮೇಲೆ ಹೇಳಿದೆ: ಕೈ ಸೋಪು ಹಾಕಿ ತೊಳೆದು ಒರೆಸಿ, ಬೀಡಿಗೆ ಬೇಡದ ಬೆರಳಿನ ಪಕ್ಕಕ್ಕೆ ಚುಚ್ಚಬಹುದು, ನಡು ತುದಿಗೆ ಬೇಡ, ಪಕ್ಕದಲ್ಲಿ ನೋವು ಕಮ್ಮಿ. "ಹಾಗಾದರೆ ಎಡಗೈ ಕಿರುಬೆರಳು" ಅಂದರು ಅವರೇ.

ಹೀಗೆ ಕೇಳಿ ಕೇಳಿ ಬದಲಾವಣೆಯ ಮಾತನ್ನು ಅವರ ಬಾಯಿಂದಲೇ ಬರಿಸುವ ವಿಧಾನವನ್ನು ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ 1983ರಲ್ಲಿ ಮೊದಲು ವಿವರಿಸಿದ್ದು ಕುಡಿತದ ಸಮಸ್ಯೆ ಇದ್ದವರಿಗಾಗಿ. ಶುಗರಿಗೂ ಒಗ್ಗುತ್ತದೆ. ಅದರಲ್ಲಿ ನನಗೆ ಇಷ್ಟವಾದದ್ದು ಅಂಕಿಯ ಪ್ರಶ್ನೆ. "ಶುಗರ್ ಇಳಿಸುವುದು ನಿಮಗೆ ಎಷ್ಟು ಮುಖ್ಯ, ಹತ್ತರಲ್ಲಿ?" ಎಂಟು ಅಂದರು. "ನಿಮ್ಮಿಂದ ಆಗ್ತದೆ ಅಂತ ಎಷ್ಟು ಧೈರ್ಯ?" ಮೂರು. ಹತ್ತು ಯಾಕಿಲ್ಲ ಅಂತ ಕೇಳಿದರೆ ನೆಪಗಳ ಪಟ್ಟಿಯೇ ಬರುತ್ತದೆ. ಹಾಗಾಗಿ "ಸೊನ್ನೆ ಅನ್ನಲಿಲ್ಲ, ಮೂರು ಯಾಕೆ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, ದೇವಸ್ಥಾನದ ಬ್ರಹ್ಮಕಲಶೋತ್ಸವದ ಮೊದಲು ಎರಡು ತಿಂಗಳು ದಿನಾ ಸಂಜೆ ಕರಸೇವೆಗೆ ನಡೆದೇ ಹೋಗುತ್ತಿದ್ದರಂತೆ, ಮಣ್ಣು ಹೊತ್ತಿದ್ದಾರೆ, ಆಗ ಡಾಕ್ಟರು ಶುಗರ್ ಇಳಿದಿದೆ ಅಂದಿದ್ದರಂತೆ. "ಅದು ದೇವರಿಗೆ ಮಾಡಿದ್ದು" ಅಂತ ನಕ್ಕರು. "ಮಾಡಿದ್ದು ಯಾರು?" ಅಂದೆ. "ನಾನೇ."

ಆಮೇಲಿನ ಯೋಜನೆ ಪೂರ್ತಿ ಅವರದ್ದು. ನೂರು ಬೀಡಿ ಆದಾಗ ಒಮ್ಮೆ ಎದ್ದು ಬಾವಿಯವರೆಗೆ ಹೋಗಿ ಬರುವುದು. ಬೀಡಿ ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಮಗನ ಬೈಕ್ ಬಿಟ್ಟು ನಡೆದು ಹೋಗುವುದು. ಚಾಕ್ಕೆ ಅರ್ಧ ಚಮಚ. ಅನ್ನದ ಸುದ್ದಿ ನಾನು ಎತ್ತಲೇ ಇಲ್ಲ, ಮುಂದಿನ ಸಲ ಅವರೇ ಎತ್ತಿದರು. "ಕುಚ್ಚಲಕ್ಕಿ ಶುಗರಿಗೆ ಒಳ್ಳೆಯದಲ್ವಾ?" ಪಾಲಿಶ್ ಮಾಡಿದ ಬಿಳಿ ಬೆಳ್ತಿಗೆ ಅಕ್ಕಿಗಿಂತ ವಾಸಿ, ಆದರೆ ಬಟ್ಟಲು ತುಂಬ ಗಂಜಿ ಉಂಡರೆ ಅದೂ ಏರಿಸುತ್ತದೆ ಅಂದೆ. ನಂಬಬೇಡಿ, ನೀವೇ ನೋಡಿ ಅಂತ ಉಣ್ಣುವ ಮೊದಲು ಮತ್ತು ಎರಡು ಗಂಟೆ ಬಿಟ್ಟು ಪರೀಕ್ಷೆ ಮಾಡಲು ಹೇಳಿದೆ. ಬರೀ ಗಂಜಿ, ಉಪ್ಪಿನಕಾಯಿ: 142 ಇದ್ದದ್ದು 238. ಇನ್ನೊಂದು ದಿನ ಒಂದು ಸೌಟು ಕಮ್ಮಿ ಅನ್ನ, ಹೆಸರುಕಾಳು-ಹರಿವೆ ಪಲ್ಯ, ಬಂಗುಡೆ ಸಾರು: 150 ಇದ್ದದ್ದು 189. ನನ್ನ ಹತ್ತು ಭಾಷಣ ಮಾಡದ ಕೆಲಸ ಆ ಎರಡು ಸಾಲು ಮಾಡಿತು.

"ನಾನೆಂತ ದಪ್ಪ ಉಂಟಾ?" ಅಂತಲೂ ಕೇಳಿದ್ದರು. ಇಲ್ಲ, ತೆಳ್ಳಗೇ ಕಾಣುತ್ತಾರೆ. ಆದರೆ ನಮ್ಮ ದಕ್ಷಿಣ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಶುಗರ್ ಬರುತ್ತದೆ, ಕೊಬ್ಬು ಹೊಟ್ಟೆಯಲ್ಲಿ ಕೂರುತ್ತದೆ. ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ., ಗಂಡಸರಿಗೆ 90 ದಾಟಬಾರದು ಅನ್ನುತ್ತಾರೆ. ಟೇಪು ಅವರ ಕೈಗೇ ಕೊಟ್ಟೆ. 88 ಬಂತು.

ರಾತ್ರಿ ಮಾತ್ರೆ ಬಿಡುತ್ತಿದ್ದದ್ದು ಹೊಟ್ಟೆ ಕೆಡುತ್ತದೆ ಅಂತ. ಮೆಟ್‌ಫಾರ್ಮಿನ್ ಅನ್ನು ಊಟದ ಜೊತೆ ತೆಗೆದುಕೊಂಡರೆ ಆ ತೊಂದರೆ ಕಮ್ಮಿ, ಆದರೂ ನೀವಾಗಿ ಬಿಡುವುದು ಬೇಡ, ಡಾಕ್ಟರಿಗೆ ಹೇಳಿ ಅಂದೆ. ಡಾಕ್ಟರು ನಿಧಾನವಾಗಿ ಕರಗುವ ಮಾತ್ರೆಗೆ ಬದಲಿಸಿದರು. ದಿನವಿಡೀ ಕಾಲು ಮಡಚಿ ಕೂರುವವರಿಗೆ ಪಾದ ಜೋಮು ಹಿಡಿದರೆ ಕೂತದ್ದಕ್ಕೇ ಅನ್ನಿಸುತ್ತದೆ, ಶುಗರಿನಿಂದ ನರ ಹಾಳಾದರೂ ಹಾಗೇ ಆಗುತ್ತದೆ. ಹಾಗಾಗಿ ದಿನಾ ಅಂಗಾಲು ನೋಡಿಕೊಳ್ಳಿ, ಅದನ್ನೂ ಡಾಕ್ಟರಿಗೆ ತೋರಿಸಿ ಅಂತ ಹೇಳಿದೆ. ಮಗನಿಗೆ ಹೇಳಿದ್ದು ಒಂದೇ: ಅಮ್ಮನ ತಟ್ಟೆ ನೋಡಬೇಡ, ಸಂಜೆ ಜೊತೆಗೆ ಬ್ರಾಂಚಿನವರೆಗೆ ನಡೆ. ಅವನಿಗದು ಅಷ್ಟು ಇಷ್ಟವಾಗಲಿಲ್ಲ.

ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ 8.2. ಮಾತ್ರೆ ಬದಲಾದದ್ದೂ ಅದರಲ್ಲಿ ಸೇರಿದೆ, ಎಲ್ಲ ನನ್ನ ಮಾತಿನ ಮಹಿಮೆ ಅನ್ನಲಾರೆ. ಮೊನ್ನೆ ಪುಸ್ತಕ ತಂದಿದ್ದರು. ಮೂರು ಬಣ್ಣದ ಪೆನ್ನು, ಒಂದು ಕಡೆ ಗಂಜಿಯ ಕಲೆ, ಅಂಚಿನಲ್ಲಿ ಕಂದು ಹೆಬ್ಬೆರಳ ಗುರುತು. ಒಂದು ಸಾಲಲ್ಲಿ 261 ಅಂತಿತ್ತು, ಪಕ್ಕದಲ್ಲಿ ಸಣ್ಣಕ್ಕೆ "ಹಲಸಿನ ಹಣ್ಣು, ಎಂಟು ಸೊಳೆ".