ಬ್ಲ್ಯಾಕ್‌ಲಿಸ್ಟ್ ಮಾಡಬೇಡಿ, ಮಾರಾಯ್ರೇ

ಪ್ರಶ್ನೆ: ಮಲ್ಪೆಯಲ್ಲಿ ಮೀನು ತೂಗುವ ತಕ್ಕಡಿಗೆ ನಾನೇ ಒಂದು ಯುಎಸ್‌ಬಿ ಬೋರ್ಡ್ ಮಾಡಿದ್ದೇನೆ. ಲಿನಕ್ಸ್‌ಗೆ ಡ್ರೈವರ್ ಕೂಡ ಬರೆದಿದ್ದೇನೆ. ಲೋಡ್ ಆಗುತ್ತದೆ, ಆದರೆ ಪ್ರೋಬ್ (ಸಾಧನ ಸಿಕ್ಕಾಗ ಲಿನಕ್ಸ್‌ನ ತಿರುಳಾದ ಕರ್ನೆಲ್ ಕರೆಯುವ ಫಂಕ್ಷನ್) ಓಡುವುದೇ ಇಲ್ಲ. ಬೋರ್ಡನ್ನು ಲಿನಕ್ಸ್‌ನದೇ ಡ್ರೈವರ್ ಯುಎಸ್‌ಬಿಹಿಡ್ (usbhid) ಹಿಡಿದುಕೊಂಡಿದೆ. ಅದನ್ನು ಬ್ಲ್ಯಾಕ್‌ಲಿಸ್ಟ್ ಮಾಡಲೇ, ಅಂದರೆ ಲೋಡ್ ಆಗದಂತೆ ತಡೆಯಲೇ? (ಉಡುಪಿಯ ವಿದ್ಯಾರ್ಥಿ)

ಬೇಡ! ಇದನ್ನೇ ಎಷ್ಟು ಜನ ಕೇಳುತ್ತೀರಿ! ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಯಾವುದೋ ವಿಡಿಯೋ ನೋಡಿ ಹೀಗೇ ಮಾಡಿ, ಡೆಸ್ಕ್‌ಟಾಪನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ನನ್ನ ಹತ್ತಿರ ತಂದಿದ್ದ. ಲಾಗಿನ್ ಪರದೆ ಬಂದಿತ್ತು. ಕ್ಯಾಪ್ಸ್ ಲಾಕ್ ಒತ್ತಿದರೆ ದೀಪವೂ ಹತ್ತಲಿಲ್ಲ. ಯುಎಸ್‌ಬಿ ಕೀಬೋರ್ಡ್, ಮೌಸ್ ನಡೆಯುವುದೂ ಅದೇ ಡ್ರೈವರಿನಿಂದ, ಅಲ್ವಾ?

ಬೋರ್ಡ್ ನಿಮ್ಮದೇ. ಹಾಗಾದರೆ ಮೊದಲು ಡಿಸ್ಕ್ರಿಪ್ಟರ್ (ಬೋರ್ಡ್ ತಾನು ಏನೆಂದು ಕಂಪ್ಯೂಟರಿಗೆ ಹೇಳುವ ಮಾಹಿತಿ) ನೋಡಿ. ಯಾವುದೋ ಮಾದರಿ ಕೋಡಿನಿಂದ ಇಂಟರ್‌ಫೇಸ್ ಕ್ಲಾಸ್ 03 ಎಂದೇ ಉಳಿದಿರಬೇಕು. 03 ಅಂದರೆ ಹಿಡ್ (HID), ಕೀಬೋರ್ಡ್, ಮೌಸ್‌ನಂಥ ಸಾಧನಗಳ ವರ್ಗ. ಅದು ಕಂಡ ಕೂಡಲೇ ಯುಎಸ್‌ಬಿಹಿಡ್ ಬರುತ್ತದೆ, ಅದರ ತಪ್ಪಲ್ಲ. ಒಂದು ಇಂಟರ್‌ಫೇಸ್‌ಗೆ ಒಂದೇ ಡ್ರೈವರ್. ಅದು ಕೂತ ಮೇಲೆ ನಿಮ್ಮದನ್ನು ಕರ್ನೆಲ್ ಕೇಳುವುದೇ ಇಲ್ಲ. ಕ್ಲಾಸನ್ನು ಎಫ್‌ಎಫ್ (FF, ತಯಾರಕರದೇ ಸ್ವಂತ ಕ್ಲಾಸ್) ಮಾಡಿ, ಹಿಡ್ ಡಿಸ್ಕ್ರಿಪ್ಟರ್ ತೆಗೆಯಿರಿ. ಡ್ರೈವರಿನ ಐಡಿ ಪಟ್ಟಿಯಲ್ಲಿ ನಿಮ್ಮ ವೆಂಡರ್, ಪ್ರಾಡಕ್ಟ್ ಸಂಖ್ಯೆ ಇದ್ದರೆ ಸಾಕು.

ಫರ್ಮ್‌ವೇರ್ (ಬೋರ್ಡಿನೊಳಗಿನ ಪ್ರೋಗ್ರಾಂ) ಮುಟ್ಟಲಾಗದ, ಕೊಂಡು ತಂದ ಬೋರ್ಡ್ ಆದರೆ ಮಾತ್ರ ಜಗಳಕ್ಕಿಳಿಯಿರಿ. ಪರೀಕ್ಷೆಗೆ, ಸಿಸ್‌ಎಫ್‌ಎಸ್‌ನಲ್ಲಿ (sysfs, ಕರ್ನೆಲ್ ಸಾಧನಗಳನ್ನು ಫೈಲುಗಳಾಗಿ ತೋರಿಸುವ ಜಾಗ) ಯುಎಸ್‌ಬಿಹಿಡ್‌ನ ಅನ್‌ಬೈಂಡ್ ಫೈಲಿಗೆ ನಿಮ್ಮ ಬೋರ್ಡಿನ ಹೆಸರು, ಉದಾಹರಣೆಗೆ 1-2:1.0 ಎಂದು ಬರೆಯಿರಿ, ಆಮೇಲೆ ನಿಮ್ಮ ಡ್ರೈವರಿನ ಬೈಂಡ್ ಫೈಲಿಗೆ ಅದನ್ನೇ. ಇದು ಒಂದನೇ ಬಸ್, ಎರಡನೇ ಪೋರ್ಟ್, ಕಾನ್ಫಿಗರೇಶನ್ 1, ಇಂಟರ್‌ಫೇಸ್ 0. ಪೋರ್ಟ್ ಬದಲಾದರೆ ಹೆಸರೂ ಬದಲಾಗುತ್ತದೆ. ಹಾಗಾಗಿ ಕಾಯಂ ಆಗಿ ಬೇಕಿದ್ದರೆ ಯುಎಸ್‌ಬಿಹಿಡ್‌ಗೆ ಕ್ವರ್ಕ್ (ಒಂದು ಸಾಧನಕ್ಕಷ್ಟೇ ಅನ್ವಯಿಸುವ ವಿಶೇಷ ಸೂಚನೆ) ಕೊಡಿ: ವೆಂಡರ್, ಪ್ರಾಡಕ್ಟ್, ಮತ್ತು 0x0004. ಆ ಒಂದು ಸಾಧನವನ್ನಷ್ಟೇ ಅದು ಬಿಟ್ಟುಬಿಡುತ್ತದೆ. ತಕ್ಕಡಿ ನಿಜವಾಗಿ ಹಿಡ್ ರಿಪೋರ್ಟನ್ನೇ (ಹಿಡ್ ರೂಪದ ಡೇಟಾ) ಕಳಿಸುತ್ತಿದ್ದರೆ ಯುಎಸ್‌ಬಿ ಡ್ರೈವರ್ ಬಿಟ್ಟು ಹಿಡ್ ಡ್ರೈವರ್ ಬರೆಯಿರಿ. ಈಗಿನ ಕರ್ನೆಲ್‌ಗಳಲ್ಲಿ ಹಿಡ್-ಜೆನೆರಿಕ್ (ಕರ್ನೆಲ್‌ನ ಸಾಮಾನ್ಯ ಹಿಡ್ ಡ್ರೈವರ್) ಅದಕ್ಕೆ ತಾನೇ ಜಾಗ ಬಿಡುತ್ತದೆ.

ಪ್ರಶ್ನೆ: ವಿಂಡೋಸ್‌ನಲ್ಲೂ ಹೀಗೇನಾ? (ಸುರತ್ಕಲ್)

ಅಲ್ಲ. ಅಲ್ಲಿ ವೆಂಡರ್, ಪ್ರಾಡಕ್ಟ್ ಸಂಖ್ಯೆಗೆ ಹೊಂದುವ ಡ್ರೈವರ್, ಬರೀ ಕ್ಲಾಸಿಗೆ ಹೊಂದುವುದಕ್ಕಿಂತ ಮೇಲಿನ ಸ್ಥಾನ ಪಡೆಯುತ್ತದೆ. ಡ್ರೈವರಿನ ಡಿಜಿಟಲ್ ಸಹಿ ಮಾತ್ರ ಸರಿಯಾಗಿರಬೇಕು.

ಪ್ರಶ್ನೆ: ಸಹಿ ತಪಾಸಣೆ ಆಫ್ ಮಾಡಿದರಾಯ್ತಲ್ಲ? (ಮಂಗಳೂರು)

ನಿಮ್ಮ ಮೇಜಿನ ಮೇಲಿನ ಪರೀಕ್ಷೆಗೆ ಸರಿ. ಗ್ರಾಹಕರ ಕಂಪ್ಯೂಟರಿನಲ್ಲಿ ಯಾವತ್ತೂ ಬೇಡ.

ಪ್ರಶ್ನೆ: ಅಂಗಡಿಯವರು ಡ್ರೈವರ್ ಅಪ್‌ಡೇಟರ್ ಹಾಕಿಕೊಟ್ಟಿದ್ದಾರೆ, ಇಟ್ಟುಕೊಳ್ಳಲೇ? (ಕುಂದಾಪುರ)

ಇವತ್ತೇ ತೆಗೆದುಹಾಕಿ.