ಒಸಾಕಾದ ಮದ್ದಿನ ಬೀದಿ

ಪ್ರಶ್ನೆ: ಮಂಗಳೂರಿನ ಬಂದರಿನಲ್ಲಿ ನಮ್ಮ ಅಜ್ಜನವರಿಗೆ ಗ್ರಂಥಿಗೆ ಅಂಗಡಿಯಿತ್ತು. ಜಪಾನಿನ ಒಸಾಕಾದ ದೋಶೋಮಾಚಿ ಎಂಬ ಬೀದಿಯ ತುಂಬ ಹಿಂದೆ ಮದ್ದಿನ ವ್ಯಾಪಾರಿಗಳೇ ಇದ್ದರೆಂದು ಅಲ್ಲಿ ಓದುತ್ತಿರುವ ಮಗಳು ಹೇಳಿದಳು. ಒಂದೇ ಸರಕಿನವರು ಒಂದೆಡೆ ಸೇರಿದ್ದೇಕೆ? ಈಗ ಅಲ್ಲಿ ಏನು ಉಳಿದಿದೆ?
— ಓದುಗರೊಬ್ಬರು, ಮಂಗಳೂರು

ಉತ್ತರ: ದೋಶೋಮಾಚಿಯು ಸೆಂಬಾ ಎಂಬ ಹಳೆಯ ಪೇಟೆಯ ಒಂದು ಬೀದಿ. 1583ರಲ್ಲಿ ಜಪಾನಿನ ದಂಡನಾಯಕ ತೊಯೊತೊಮಿ ಹಿದೆಯೋಶಿ ಒಸಾಕಾದ ಕೋಟೆಯನ್ನು ಕಟ್ಟಿಸತೊಡಗಿದ ಬಳಿಕ, ಸಕಾಯಿ ಮೊದಲಾದ ಊರುಗಳ ವರ್ತಕರನ್ನು ಕರೆಸಿ ಕೋಟೆಯ ಪಶ್ಚಿಮಕ್ಕೆ ನೆಲೆಗೊಳಿಸಿದ್ದರಿಂದ ಈ ಪೇಟೆ ಬೆಳೆಯಿತು. ಸುತ್ತಲೂ ಹೊಳೆ, ಕಾಲುವೆಗಳಿದ್ದುದರಿಂದ ಸರಕು ದೋಣಿಯಲ್ಲೇ ಬಂದು ಹೋಗುತ್ತಿತ್ತು. ಬಂದರಿನ ದಕ್ಕೆಯನ್ನು ಕಂಡ ನಿಮಗೆ ಅದರ ಅನುಕೂಲವನ್ನು ವಿವರಿಸಬೇಕಾಗಿಲ್ಲ.

ಎಲ್ಲರೂ ಒಂದೆಡೆ ಸೇರಿದ್ದಕ್ಕೆ ಮುಖ್ಯ ಕಾರಣ ಮದ್ದಿನ ಸ್ವಭಾವದಲ್ಲೇ ಇದೆ ಎಂದು ನನಗನಿಸುತ್ತದೆ. ಒಣಗಿದ ಬೇರು, ತೊಗಟೆಗಳಲ್ಲಿ ಅಸಲಿ ಯಾವುದು, ಕಲಬೆರಕೆ ಯಾವುದು ಎಂಬುದು ಕೊಳ್ಳುವವರಿಗೆ ತಿಳಿಯದು. ಅದನ್ನು ನೋಡಿ, ಮೂಸಿ ಹೇಳಬಲ್ಲ ಅನುಭವಿಗಳು ಬೇಕು. ನಿಮ್ಮ ಅಜ್ಜನವರೂ ಈ ಪರೀಕ್ಷೆಯನ್ನು ದಿನನಿತ್ಯ ಮಾಡಿದವರೇ ಇರಬೇಕು. 1722ರಲ್ಲಿ ದೇಶವನ್ನು ಆಳುತ್ತಿದ್ದ ಸೇನಾಧಿಪತಿ, ಅಂದರೆ ಶೋಗನ್ ಯೋಶಿಮುನೆಯ ಆಡಳಿತವು ದೋಶೋಮಾಚಿಯ 124 ಮದ್ದಿನ ವರ್ತಕರ ಸಂಘಕ್ಕೆ ಅಧಿಕೃತ ಮನ್ನಣೆ ನೀಡಿತು. ಅಂದಿನಿಂದ ನಾಗಸಾಕಿಯಲ್ಲಿ ಇಳಿದ ಚೀನಾದ ಮದ್ದು ಈ ಬೀದಿಗೆ ಬಂದು, ಇಲ್ಲಿನವರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬೆಲೆ ನಿಗದಿಯಾದ ಮೇಲೆ ದೇಶದ ಇತರ ಊರುಗಳಿಗೆ ಹೋಗುತ್ತಿತ್ತು.

ಮದ್ದು ಮನುಷ್ಯರ ಪ್ರಾಣದ ಸಂಗತಿಯಾದ್ದರಿಂದ ವರ್ತಕರು ದೈವದ ರಕ್ಷೆಯನ್ನೂ ಬೇಡಿದರು. ಚೀನಾದ ಔಷಧದೇವತೆ ಶೆನ್ನೋಂಗನ ಜೊತೆಗೆ ಜಪಾನಿನ ಸುಕುನಾಹಿಕೋನನನ್ನು 1780ರಲ್ಲಿ ಈ ಬೀದಿಯಲ್ಲೇ ಪ್ರತಿಷ್ಠಾಪಿಸಿದರು. 1817ರಲ್ಲಿ ನಮ್ಮ ಬಂಗಾಳದಿಂದ ಹರಡತೊಡಗಿದ ಕಾಲರಾ 1822ರಲ್ಲಿ ಜಪಾನನ್ನು ಮುಟ್ಟಿದಾಗ, ಇಲ್ಲಿನ ವರ್ತಕರು ಹುಲಿಯ ತಲೆಬುರುಡೆಯ ಮೂಳೆಯನ್ನು ಸೇರಿಸಿದ ಗುಳಿಗೆಗಳನ್ನೂ ರಕ್ಷೆಯಾಗಿ ಕಾಗದದ ಹುಲಿಗಳನ್ನೂ ಜನರಿಗೆ ಹಂಚಿದರು. ಗುಳಿಗೆಯಿಂದ ಕಾಲರಾ ವಾಸಿಯಾಗುವಂತಿರಲಿಲ್ಲ, ನಿಜ. ಆದರೂ ಹುಲಿವೇಷದ ಹರಕೆ ಹೊರುವ ನಮ್ಮ ಊರಿನವರಿಗೆ ಆ ನಂಬಿಕೆ ದೂರದ್ದೆನಿಸದು.

ಸೆಂಬಾದ ಬಹುಭಾಗವು 1945ರ ಮಾರ್ಚ್ ತಿಂಗಳ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ದಕ್ಷಿಣ, ಪಶ್ಚಿಮದ ಕಾಲುವೆಗಳನ್ನು ಮುಂದೆ ಮಣ್ಣು ತುಂಬಿ ಮುಚ್ಚಿದರು. ಆದರೆ ಮದ್ದಿನ ಕಸುಬು ಬೀದಿಯನ್ನು ಬಿಟ್ಟುಹೋಗಲಿಲ್ಲ. 1781ರಲ್ಲಿ ಇಲ್ಲಿ ಅಂಗಡಿ ತೆರೆದ ಟಕೆಡಾ, 1878ರಲ್ಲಿ ಆರಂಭವಾದ ಶಿಯೊನೋಗಿ ಇಂದು ದೊಡ್ಡ ಔಷಧ ಕಂಪನಿಗಳಾಗಿವೆ. ಗುಡಿಯೂ ಇದೆ, ಹಳೆಯ ಸಂಘದ ದಾಖಲೆಗಳನ್ನು ತೋರಿಸುವ ಸಣ್ಣ ಸಂಗ್ರಹಾಲಯ ಅದರ ಪಕ್ಕದಲ್ಲೇ ಇದೆ. ನಿಮ್ಮ ಮಗಳು ನವೆಂಬರ್ 22 ಅಥವಾ 23ರಂದು ಅಲ್ಲಿಗೆ ಹೋದರೆ ಜಾತ್ರೆಯನ್ನು ಕಾಣಬಹುದು, ಬಿದಿರಿನ ಎಲೆಗೊಂಚಲಿಗೆ ಕಟ್ಟಿದ ಕಾಗದದ ಹುಲಿಯೊಂದನ್ನು ಮನೆಗೂ ತರಬಹುದು.