ರಾಯಚೂರಿನಲ್ಲಿ ಸೈಟ್ ಎಂಜಿನಿಯರ್ ಆಗಿದ್ದೆ, ಈಗ ಲೇಹ್‌ಗೆ ಹೋಗಬೇಕು. ಚಳಿಗೆ ಕಾಂಕ್ರೀಟ್‌ನಲ್ಲಿ ಯಾವ ಕೆಮಿಕಲ್ ಹಾಕಬೇಕು?

ನಾನೂ ರಾಯಚೂರಿನಿಂದಲೇ ಲೇಹ್‌ಗೆ ಹೋದವನು. ಅಲ್ಲಿ ನನ್ನ ಮೊದಲ ಅಕ್ಟೋಬರ್, ಹಳ್ಳವೊಂದರ ಮೇಲೆ ಸಣ್ಣ ಮೋರಿಯ ಸ್ಲ್ಯಾಬ್. ಮಧ್ಯಾಹ್ನ 12 ಡಿಗ್ರಿ ಇತ್ತು. ಬಿಸಿಲು ಎಷ್ಟು ಚುರುಕಾಗಿತ್ತೆಂದರೆ ಸ್ವೆಟರ್ ಬಿಚ್ಚಿಟ್ಟಿದ್ದೆ. ಚಳಿಗಾಲದ ಕಾಂಕ್ರೀಟಿನ ನಿಯಮ, ಅಂದರೆ ಭಾರತೀಯ ಮಾನದಂಡ ಐಎಸ್ 7861ರ ಎರಡನೇ ಭಾಗ, 5 ಡಿಗ್ರಿಗಿಂತ ಕೆಳಗಿಳಿದಾಗ ತಾನೇ? ಹಾಕಿಸಿಬಿಟ್ಟೆ.

ಸಂಜೆ ಸ್ಲ್ಯಾಬ್‌ಗೆ ನೀರು ಹೊಡೆಸಿದೆ. ಕೆಲಸ ಕೆಟ್ಟಿದ್ದು ಅಲ್ಲೇ.

ರಾಯಚೂರಿನಲ್ಲಿ ನೀರೇ ಸ್ಲ್ಯಾಬ್‌ನ ಜೀವ ಅಲ್ವಾ? ಮೇ ತಿಂಗಳ ಗಾಳಿಗೆ ಮೇಲಿನ ತೇವ ನೋಡ್ತಾ ನೋಡ್ತಾ ಆರಿ ಬಿರುಕು ಬಿಡುತ್ತದೆ. ಅದಕ್ಕೇ ರಾತ್ರಿ ಕಾಂಕ್ರೀಟ್ ಹಾಕುತ್ತೇವೆ, ಜಲ್ಲಿಗೆ ನೆರಳು ಮಾಡುತ್ತೇವೆ, ಒದ್ದೆ ಗೋಣಿಚೀಲ ಹಾಸುತ್ತೇವೆ, ಕಟ್ಟೆ ಕಟ್ಟಿ ಕನಿಷ್ಠ 10 ದಿನ ನೀರು ನಿಲ್ಲಿಸುತ್ತೇವೆ. ನನ್ನ ಕೈ ಅದಕ್ಕೇ ಒಗ್ಗಿತ್ತು. ಜಾರ್ಖಂಡ್‌ನ ಮೇಸ್ತ್ರಿ, "ಸಾಬ್, ನೀರು ಬೇಡ, ಹೊದಿಸೋಣ" ಅಂದ. ಕ್ಯೂರಿಂಗ್ (ತೇವ ಆರದಂತೆ ಕಾಯುವುದು) ಇಲ್ಲದೆ ಬಲ ಎಲ್ಲಿಂದ ಬರುತ್ತೆ ಅಂತ ಅವನ ಬಾಯಿ ಮುಚ್ಚಿಸಿದೆ.

ರಾತ್ರಿ ಸೊನ್ನೆಗಿಂತ ಕೆಳಗಿಳಿಯಿತು. ಬೆಳಿಗ್ಗೆ ಸ್ಲ್ಯಾಬ್ ಮೇಲೆಲ್ಲ ಗರಿಯಂತೆ ಗೆರೆಗಳು, ಐಸ್ ಹರಳು ಮೂಡಿದ ಗುರುತು. ನೀರು ಹೆಪ್ಪುಗಟ್ಟಿದರೆ ಶೇ 9ರಷ್ಟು ಹಿಗ್ಗುತ್ತದೆ. ಕಾಂಕ್ರೀಟಿಗೆ ಸುಮಾರು 3.5 ಎಂಪಿಎ (ಮೆಗಾಪ್ಯಾಸ್ಕಲ್, ಬಲದ ಅಳತೆ) ಬಲ ಬರುವ ತನಕ ಆ ಒತ್ತಡ ತಡೆಯುವ ಶಕ್ತಿ ಇರುವುದಿಲ್ಲ. ಒಳಗಿದ್ದ ನೀರೇ ಸಾಕಿತ್ತು, ನಾನು ಇನ್ನಷ್ಟು ಕುಡಿಸಿದ್ದೆ. ಸಿಮೆಂಟು ಗಟ್ಟಿಯಾಗುವಾಗ ತಾನೇ ಹುಟ್ಟಿಸುವ ಬಿಸಿಯೊಂದೇ ಆ ರಾತ್ರಿ ಅದಕ್ಕಿದ್ದ ರಕ್ಷಣೆ. ತಣ್ಣೀರು ಹೊಡೆಸಿ ಅದನ್ನೂ ಕಳೆದೆ. ಬಿಸಿಲೇರಿದ ಮೇಲೆ ಬೂಟಿನಿಂದ ಕೆರೆದರೆ ಮೇಲ್ಪದರ ಪುಡಿಪುಡಿ. ಒಡೆಸಬೇಕಾಯಿತು. ಅಷ್ಟರಲ್ಲಿ ನವೆಂಬರ್ ಬಂತು. ಚಳಿಗಾಲವಿಡೀ ಆ ಊರಿನವರು ಮೋರಿಯಿಲ್ಲದೆ ಹಳ್ಳಕ್ಕಿಳಿದು ಹತ್ತಿದರು. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಹಾಗಾಗಿ ಕೆಮಿಕಲ್ ವಿಷಯ ಆಮೇಲೆ. ನಿಮ್ಮ ಸೈಟಿನಲ್ಲಿ ತಾಡಪಾಲು ಎಷ್ಟಿದೆ, ರಾತ್ರಿ 2 ಗಂಟೆಗೆ ಥರ್ಮಾಮೀಟರ್ ನೋಡುವವರು ಯಾರು, ಅದನ್ನು ಮೊದಲು ಕೇಳಿ. ಬೇಗ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಂಬಿ ಇರುವ ಕಾಂಕ್ರೀಟಿಗೆ ಅದು ಬೇಡವೇ ಬೇಡ, ಒಳಗೇ ತುಕ್ಕು ಹಿಡಿಸುತ್ತದೆ. ನಾನು ಹಾಕಿಸುವುದು ಗಾಳಿಗುಳ್ಳೆ ಹಿಡಿದಿಡುವ ಅಡ್‌ಮಿಕ್ಸ್ಚರ್ ಒಂದನ್ನೇ. ವರ್ಷವರ್ಷವೂ ಹೆಪ್ಪುಗಟ್ಟಿ ಕರಗುವ ನೀರಿಗೆ ಹಿಗ್ಗಲು ಅದು ಜಾಗ ಕೊಡುತ್ತದೆ. ಆದರೆ ಮೊದಲ ರಾತ್ರಿಯನ್ನು ಅದು ಕಾಯುವುದಿಲ್ಲ.

ಮರುವರ್ಷ ಅದೇ ಮೋರಿಗೆ ನೀರು ಕಾಯಿಸಿ ಕಾಂಕ್ರೀಟ್ ಕಲಸಿದೆವು. ಬಿಸಿನೀರನ್ನು ಮೊದಲು ಜಲ್ಲಿ, ಮರಳಿನ ಜೊತೆ ತಿರುಗಿಸಿ ಕೊನೆಗೆ ಸಿಮೆಂಟು. ಇಲ್ಲದಿದ್ದರೆ ಸಿಮೆಂಟು ತಕ್ಷಣ ಬಿಗಿದುಕೊಳ್ಳುತ್ತದೆ. ಲೇಹ್ ಗಾಳಿಯೂ ಒಣ, ಸುಮ್ನೆ ಬಿಟ್ಟರೆ ತೇವ ಆರುತ್ತದೆ. ಅದಕ್ಕೆ ಮೈಗಂಟುವಂತೆ ಪ್ಲಾಸ್ಟಿಕ್, ಅದರ ಮೇಲೆ ಒಣಹುಲ್ಲು, ಮೇಲೆ ತಾಡಪಾಲು. ಹೊರಗಿಂದ ಒಂದು ಹನಿ ನೀರೂ ಕೊಡಲಿಲ್ಲ. ಅಂಚುಗಳಿಗೆ ಎರಡು ಪಟ್ಟು ಹೊದಿಕೆ, ಮೊದಲು ತಣ್ಣಗಾಗುವುದು ಅವೇ. ಆ ಮೇಸ್ತ್ರಿಯನ್ನೇ ಕರೆಸಿದ್ದೆ. ಹೊದಿಕೆಯ ಕೆಲಸ ಪೂರ್ತಿ ಅವನ ಕೈಯಲ್ಲಿತ್ತು.

ಹೋದ ಕೂಡಲೇ ತಾಡಪಾಲು, ಪ್ಲಾಸ್ಟಿಕ್‌ಗೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಿ. ಶ್ರೀನಗರದಿಂದ ಲೇಹ್‌ಗೆ ಬರುವ ಜೋಜಿಲಾ ಕಣಿವೆ ದಾರಿ ಹಿಮಕ್ಕೆ ಮುಚ್ಚಿದ ಮೇಲೆ ಕೇಳಿದರೆ ಸಿಗುವುದಿಲ್ಲ.